ಎರಡನೆಯ ಗುರಿ

ಎರಡು ಸಾವಿರದ ಅರವತ್ಮೂರನೆಯ ಇಸವಿಯ ಜೂನ್ ತಿಂಗಳ ಎರಡನೆಯ ಸೋಮವಾರ, ಬಸರಿಕಟ್ಟಿಯ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ, ಮಲಪ್ರಭಾ ಎಂಬ ಏಳು ವರ್ಷದ ಹುಡುಗಿ "ನೀರು ಕುಡೀಲೇನ್ರಿ?" ಎಂದು ಕೇಳಿದಳು. ಶಾಲೆಗೆ ಸೇರಿ ಎರಡು ವರ್ಷವಾಗಿತ್ತು. ಆ ಎರಡು ವರ್ಷಗಳಲ್ಲಿ ಅವಳು ಶಾಲೆಯ ಹೊಸ್ತಿಲ ಒಳಗೆ ಆಡಿದ ಮೊದಲ ಮಾತು ಅದು.

ಬಾಯಿಂದ ಆಡಿದ್ದಲ್ಲ. ಬಾಯಿ ಎಂದಿನಂತೆ ಮುಚ್ಚಿಯೇ ಇತ್ತು. ಅವಳ ಕೊರಳಿಗೆ ಎರಡು ಬೆರಳಗಲದ ಮೆತ್ತನೆಯ ಪಟ್ಟಿಯೊಂದನ್ನು ಕಟ್ಟಿದ್ದರು. ಮಾತು ಕೇಳಿಸಿದ್ದು ಶಿಕ್ಷಕಿಯ ಮೇಜಿನ ಮೇಲಿದ್ದ, ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯಿಂದ. ತೆಳ್ಳನೆಯ, ಕೊಂಚ ಗೊಗ್ಗರಾದ ಹುಡುಗಿಯ ದನಿ. ಮರುಕ್ಷಣ ಅದೇ ಪೆಟ್ಟಿಗೆ ತನ್ನದೇ ದನಿಯಲ್ಲಿ "ಕುಡದು ಬಾ, ತಂಗಿ" ಎಂದು ಉತ್ತರವನ್ನೂ ಕೊಟ್ಟುಬಿಟ್ಟಿತು. ಮಲಪ್ರಭಾ ಎದ್ದು ಹೋಗಿ ನೀರು ಕುಡಿದು ಬಂದು ಚಾಪೆಯ ಮೇಲೆ ಕೂತಳು.

ಈ ಉಪಕರಣದ ಹೆಸರು ಒಳದನಿ. ನಾವು ಯಾವ ಮಾತನ್ನೇ ಆಗಲಿ, ಹೊರಗೆ ಆಡುವ ಮುಂಚೆ ಒಳಗೊಮ್ಮೆ ಆಡಿಕೊಳ್ಳುತ್ತೇವೆ. ಆಗ ಕೊರಳಿನ ಸ್ನಾಯುಗಳು ಕೂದಲೆಳೆಯಷ್ಟು ಅಲುಗಿ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಪಟ್ಟಿ ಅದನ್ನು ಹಿಡಿಯುತ್ತದೆ. ಆ ಕೊರಳಿನ ಅಳತೆಗೆ ಎಂಥ ದನಿ ಇರಬೇಕೆಂದು ಪೆಟ್ಟಿಗೆ ಲೆಕ್ಕ ಹಾಕಿ, ಆ ದನಿಯಲ್ಲೇ ಮಾತನ್ನು ಹೊರಗೆ ಹಾಕುತ್ತದೆ. ಮನಸ್ಸಿನಲ್ಲಿ ಸುಳಿದಾಡುವುದೆಲ್ಲ ಅದಕ್ಕೆ ಸಿಗುವುದಿಲ್ಲ. ಆಡಬೇಕೆಂದು ಕೊರಳ ತನಕ ಬಂದು, ತುಟಿಯ ಹಿಂದೆ ನಿಂತುಬಿಟ್ಟ ಮಾತಷ್ಟೇ ಸಿಗುತ್ತದೆ. ಮಕ್ಕಳು ಕೇಳಿದ ಸಣ್ಣಪುಟ್ಟ ಪ್ರಶ್ನೆಗಳಿಗೆ ಪೆಟ್ಟಿಗೆ ಉತ್ತರವನ್ನೂ ಕೊಡುತ್ತದೆ. ಯಾರು ಏನೆಂದರು ಎಂಬುದನ್ನು ಮಾತ್ರ ತನ್ನೊಳಗೆ ಉಳಿಸಿಕೊಳ್ಳುವುದಿಲ್ಲ.

ಇದನ್ನು ಕಂಡುಹಿಡಿದವರು ಧಾರವಾಡದ ಡಾ. ಗುರುಶಾಂತ ಮೆಣಸಿನಕಾಯಿ. ಮಾತಾಡದ ಮಕ್ಕಳಿಗಾಗಿ ಹದಿನಾಲ್ಕು ವರ್ಷ ದುಡಿದ ಈ ಮನುಷ್ಯ ಸ್ವತಃ ಮಾತಿನ ಮಲ್ಲ. ಒಮ್ಮೆ ಶುರು ಮಾಡಿದರೆ ಎದುರಿಗಿದ್ದವರು ಕೆಮ್ಮುವುದಕ್ಕೂ ಸಂದು ಸಿಗುತ್ತಿರಲಿಲ್ಲ. ಆ ಸೋಮವಾರ ಅವರು ಕಿಟಕಿಯ ಹತ್ತಿರ ನಿಂತಿದ್ದರು. ಹುಡುಗಿಯ ಮಾತು ಕೇಳಿ ಅವರ ಕಣ್ಣಲ್ಲಿ ನೀರು ಬಂತು.

"ನೋಡಿದ್ರಿಲ್ಲೋ ಅಕ್ಕೋರ! ಎರಡು ವರ್ಷದ ಬೀಗ ಎರಡು ನಿಮಿಷದಾಗ ತಗೀತ್ರೀ!"

ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಅವರ ಶಿಕ್ಷಕಿ ಇಂದುಮತಿ ಕಮತರ ಕೂಡ ತಟ್ಟಿದಳು. ಆದರೆ ಆಕೆಯ ಹೊಟ್ಟೆಯಲ್ಲಿ ಖಾರ ಅರೆದಂತಾಗಿತ್ತು.

ಸುಮ್ಮಸುಮ್ಮನೆ ಹೊಟ್ಟೆಕಿಚ್ಚು ಪಡುವ ಹೆಂಗಸಲ್ಲ ಆಕೆ. ಹತ್ತೊಂಬತ್ತು ವರ್ಷದ ಕೆಲಸದಲ್ಲಿ ಜೊತೆಯವರಿಗೆ ಬಡ್ತಿ ಸಿಕ್ಕಾಗ, ಪ್ರಶಸ್ತಿ ಬಂದಾಗ, ತಾನೇ ಪೇಢೆ ತರಿಸಿ ಹಂಚಿದವಳು. ಆದರೆ ಈ ಹುಡುಗಿಯ ವಿಷಯವೇ ಬೇರೆ. ಎರಡು ವರ್ಷ ಆಕೆ ಮಲಪ್ರಭಾಳ ಪಕ್ಕ ನೆಲದ ಮೇಲೆ ಕೂತು ಬಿಸಿಯೂಟ ಉಂಡಿದ್ದಳು. ಚಿಂದಿ ಬಟ್ಟೆಯ ಗೊಂಬೆ ಹೊಲಿದು, ಅದರ ಕೈಲಿ ಮಾತಾಡಿಸಿ ನೋಡಿದ್ದಳು. ಬೇಕೆಂದೇ ಲೆಕ್ಕ ತಪ್ಪಿ, ಹುಡುಗಿ ತಿದ್ದುತ್ತಾಳೇನೋ ಎಂದು ಕಾದಿದ್ದಳು. ಹುಡುಗಿಯ ತಾಯಿ ಕಪ್ಪತಗುಡ್ಡದ ಗಾಳಿಯಂತ್ರಗಳ ರಿಪೇರಿಯವಳು. ಆಕೆ "ಮನ್ಯಾಗ ಬಾಯಿ ಮುಚ್ಚಂಗಿಲ್ರೀ ಅಕ್ಕೋರ, ಕಿವಿ ಕೊರೀತಾಳ" ಎಂದಾಗ ಇಂದುಮತಿಗೆ ಆ ತಾಯಿಯ ಮೇಲೂ ಅಸೂಯೆಯಾಗಿತ್ತು. ಮೊದಲ ಮಾತು ಎಂದಾದರೂ ಬಂದೇ ಬರುತ್ತದೆ, ಬಂದಾಗ ಅದು ನನ್ನ ಹತ್ತಿರವೇ ಬರುತ್ತದೆ ಎಂದು ಆಕೆ ನಂಬಿಕೊಂಡಿದ್ದಳು. ಬಂತು. ಡಬ್ಬಿಯ ಹತ್ತಿರ ಬಂತು. ಉತ್ತರವನ್ನೂ ಡಬ್ಬಿಯೇ ಕೊಟ್ಟಿತು.

ಅಂದಿನಿಂದ ಆಕೆಗೆ ಪೆಟ್ಟಿಗೆಯನ್ನು ಕಂಡರೆ ಆಗದು. ಮಕ್ಕಳು ಏನಾದರೂ ಕೇಳಿದರೆ ಅದು ಬಾಯಿ ತೆರೆಯುವ ಮುಂಚೆ ತಾನೇ ಉತ್ತರ ಹೇಳಲು ಅವಸರ ಮಾಡುತ್ತಿದ್ದಳು. ಅವಸರದಲ್ಲಿ ಒಮ್ಮೆ ಏಳೆಂಟಲ ಐವತ್ನಾಲ್ಕು ಎಂದಳು. ಪೆಟ್ಟಿಗೆ ತುಂಬ ವಿನಯದಿಂದ ಐವತ್ತಾರು ಎಂದಿತು. ಬುಧವಾರ ಯಾರೋ ಹುಡುಗಿಯರು ಆಕೆಗೆ ತಂದ ಅಬ್ಬಲಿಗೆ ಹೂವಿನ ಮಾಲೆಯನ್ನು ಎರಡು ತುಂಡು ಮಾಡಿ, ಒಂದನ್ನು ಪೆಟ್ಟಿಗೆಗೆ ಮುಡಿಸಿದರು. ದೊಡ್ಡ ತುಂಡು ಪೆಟ್ಟಿಗೆಯದಾಗಿತ್ತು. ಇಂದುಮತಿ ಅದನ್ನು ಕಣ್ಣಲ್ಲೇ ಅಳೆದಳು. ನಲವತ್ತೆರಡು ವರ್ಷದ ಹೆಂಗಸು ಹೂವಿನ ಮಾಲೆ ಅಳೆಯುವಂತಾಯಿತಲ್ಲ ಎಂದು ನಾಚಿಕೊಂಡಳು, ಆದರೂ ಅಳೆದಳು.

ಆ ವಾರದ ಕೊನೆಯಲ್ಲಿ ಗುರಿಪತ್ರ ತುಂಬಬೇಕಿತ್ತು. ತರಗತಿಯಲ್ಲಿ ಹೊಸ ತಂತ್ರಜ್ಞಾನವನ್ನು ಹೇಗೆ ಅಳವಡಿಸಿಕೊಳ್ಳುತ್ತೇನೆ ಎಂದು ಪ್ರತಿ ಶಿಕ್ಷಕರೂ ವರ್ಷಕ್ಕೆ ಮೂರು ಗುರಿ ಬರೆಯಬೇಕೆಂಬುದು ಇಲಾಖೆಯ ಹಳೆಯ ಪದ್ಧತಿ. ಮುಂಚೆ ಅದು ಬರೆದು ಕಪಾಟಿನಲ್ಲಿಡುವ ಕಾಗದವಾಗಿತ್ತು. ಒಳದನಿ ಬಂದಮೇಲೆ ಹಾಗಿರಲಿಲ್ಲ. ಶಿಕ್ಷಕರು ಬರೆದ ಗುರಿಯನ್ನು ಪೆಟ್ಟಿಗೆ ಓದಿಕೊಳ್ಳುತ್ತಿತ್ತು, ಇಡೀ ವರ್ಷ ಅದರಂತೆಯೇ ನಡೆಯುತ್ತಿತ್ತು. ಬರೆದು ಸಹಿ ಮಾಡಿದವರ ಹೊರತು ಬೇರೆ ಯಾರೂ, ಮೇಲಿನ ಅಧಿಕಾರಿಯೂ, ಅದನ್ನು ಬದಲಿಸುವಂತಿರಲಿಲ್ಲ. ಮೆಣಸಿನಕಾಯಿಯವರು ಹಟ ಹಿಡಿದು ಮಾಡಿಸಿದ ನಿಯಮ ಅದು. "ಯಂತ್ರಕ್ಕ ಗುರು ಅಕ್ಕೋರ ಇರಬೇಕು, ಅಕ್ಕೋರಿಗೆ ಯಂತ್ರ ಅಲ್ಲ" ಎನ್ನುತ್ತಿದ್ದರು.

ಶುಕ್ರವಾರ ಊಟದ ಬಿಡುವಿನಲ್ಲಿ ಇಂದುಮತಿ ಬರೆಯಲು ಕೂತಳು. ಮೊದಲನೆಯ ಗುರಿ: ದಿನಕ್ಕೆ ನಲವತ್ತು ನಿಮಿಷ ಓದು ಮತ್ತು ಲೆಕ್ಕದ ಅಭ್ಯಾಸಕ್ಕೆ ಒಳದನಿಯನ್ನು ಬಳಸುವುದು. ಮೂರನೆಯ ಗುರಿ: ಪಟ್ಟಿಯನ್ನು ತಾವೇ ಕಟ್ಟಿಕೊಂಡು, ಬಿಚ್ಚಿ, ಗೂಟಕ್ಕೆ ತೂಗುಹಾಕುವ ಶಿಸ್ತನ್ನು ಮಕ್ಕಳಲ್ಲಿ ಬೆಳೆಸುವುದು. ಇವೆರಡನ್ನೂ ಮೊದಲು ಬರೆದುಮುಗಿಸಿದಳು. ನಡುವಿನ ಗೆರೆ ಖಾಲಿ ಉಳಿಯಿತು. ಕಿಟಕಿಯಾಚೆ ಮಲಪ್ರಭಾ ಕೊರಳಲ್ಲಿ ಪಟ್ಟಿ ಕಟ್ಟಿಕೊಂಡೇ ಊಟ ಮಾಡುತ್ತಿದ್ದಳು. ಇಂದುಮತಿ ಒಂದೇ ಉಸಿರಿನಲ್ಲಿ ಬರೆದಳು:

"ಪ್ರತಿ ಮಗುವೂ ತನ್ನ ಪ್ರಶ್ನೆಯನ್ನು ಮೊದಲು ಸ್ವಂತ ಬಾಯಿಯಿಂದ ಶಿಕ್ಷಕರಿಗೇ ಕೇಳತಕ್ಕದ್ದು. ಅನಂತರವೇ ಒಳದನಿ ದನಿ ಕೊಡತಕ್ಕದ್ದು."

ಓದಿ ನೋಡಿದರೆ ಎಷ್ಟು ಚೆನ್ನಾಗಿತ್ತು! ಮಕ್ಕಳು ಯಂತ್ರಕ್ಕೆ ಜೋತುಬೀಳಬಾರದು, ಬಾಯಿಬಿಟ್ಟು ಮಾತಾಡಬೇಕು, ಗುರುಶಿಷ್ಯರ ನಂಟು ಉಳಿಯಬೇಕು. ಯಾರು ಬೇಡವೆಂದಾರು? ಇಂದುಮತಿ ತನಗೆ ತಾನೇ ಈ ಕಾರಣಗಳನ್ನೆಲ್ಲ ಹೇಳಿಕೊಂಡಳು, ನಂಬಿಯೂ ನಂಬಿದಳು. ಹೊಟ್ಟೆಕಿಚ್ಚು ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ, ಮಡಿ ಉಟ್ಟುಕೊಂಡೇ ಬರುತ್ತದೆ. ಆಕೆ ಸಹಿ ಮಾಡಿದಳು.

ಶಿಕ್ಷಣಾಧಿಕಾರಿ ನದಾಫ ಸಾಹೇಬರಿಗೆ ಆ ವಾಕ್ಯ ಬಹಳ ಹಿಡಿಸಿತು. ಫೋನು ಮಾಡಿ ಹೊಗಳಿದರು. "ಏನು ಬರದೀರಿ ಅಕ್ಕೋರ! ಇದನ್ನ ಮಾದರಿ ಅಂತ ಎಲ್ಲಾ ಸಾಲಿಗೂ ಕಳಸ್ತೀನಿ."

ಒಳದನಿ ಪಡೆದಿದ್ದ ಉಳಿದ ಮೂವತ್ತೊಂಬತ್ತು ಶಾಲೆಗಳಿಗೆ ಮಾದರಿ ಹೋಯಿತು. ನಮ್ಮ ಶಾಲೆಗಳಲ್ಲಿ ಮಾದರಿ ಬಂತೆಂದರೆ ಏನಾಗುತ್ತದೆಂದು ಬಲ್ಲವರೇ ಬಲ್ಲರು. ಮೂವತ್ತೊಂಬತ್ತು ಶಾಲೆಗಳೂ ಅಕ್ಷರ ಬಿಡದೆ ಇಳಿಸಿಕೊಂಡವು. ಒಬ್ಬರಂತೂ ಬಸರಿಕಟ್ಟಿ ಎಂಬ ಊರ ಹೆಸರನ್ನೂ ಬದಲಿಸದೆ ಕಳಿಸಿದ್ದರು.

ಸೋಮವಾರದಿಂದ ಹೊಸ ನಿಯಮ ನಡೆಯಿತು. ಬಾಯಿ ಇದ್ದ ಮಕ್ಕಳಿಗೆ ಇದರಿಂದ ಏನೂ ಆಗಲಿಲ್ಲ, ಅವರು ಎದ್ದು ಅಕ್ಕೋರನ್ನು ಕೇಳಿದರು. ಮಲಪ್ರಭಾಳ ಪಟ್ಟಿಯ ಮೇಲಿನ ಹಸಿರು ದೀಪ ಹತ್ತಿತು. ಕೊರಳಲ್ಲಿ ಮಾತು ಅಲುಗಿದರೆ ಹತ್ತುವ ದೀಪ ಅದು. ಆದರೆ ಪೆಟ್ಟಿಗೆ ಅವಳ ಮಾತನ್ನು ಹೊರಗೆ ಹಾಕಲಿಲ್ಲ. "ಮೊದಲ ಅಕ್ಕೋರನ್ನ ಕೇಳು, ತಂಗಿ" ಎಂದಿತು. ಹುಡುಗಿ ಎದ್ದು ಮೇಜಿನ ಹತ್ತಿರ ಬಂದು ನಿಂತಳು. ಇಂದುಮತಿಯ ಎದೆ ಹಿಗ್ಗಿತು. ನೋಡು, ಬಂದಳು! ಎರಡು ವರ್ಷ ಮೂಲೆ ಬಿಟ್ಟು ಏಳದವಳು ತಾನಾಗಿ ನನ್ನ ಹತ್ತಿರ ಬಂದಳು!

"ಏನವ್ವಾ? ಕೇಳು. ನಾ ಇಲ್ಲೇ ಅದೀನಿ."

ಹುಡುಗಿ ನಿಂತೇ ಇದ್ದಳು. ದೀಪ ಹತ್ತುತ್ತಿತ್ತು, ಆರುತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳು ತನ್ನ ಜಾಗಕ್ಕೆ ಹೋಗಿ ಕೂತಳು. ಅಂದು ಹಾಗೆ ಹನ್ನೊಂದು ಸಲ ಬಂದು ನಿಂತಳು. ಇಂದುಮತಿ ಎಣಿಸಿದಳು. ಹನ್ನೊಂದು ಸಲ ನನ್ನ ಹತ್ತಿರ, ಡಬ್ಬಿಯ ಹತ್ತಿರ ಒಂದು ಸಲವೂ ಇಲ್ಲ. ಮಾತು ಇನ್ನೇನು ಬರುತ್ತದೆ, ತಾಳ್ಮೆ ಬೇಕಷ್ಟೆ ಎಂದುಕೊಂಡಳು.

ಜುಲೈನಲ್ಲಿ ಹನ್ನೊಂದು ಸಲ ಐದಾಯಿತು. ನಾಗರಪಂಚಮಿಯ ಹೊತ್ತಿಗೆ ಒಂದಾಯಿತು. ಆಮೇಲೆ ಹುಡುಗಿ ಏಳುವುದನ್ನೇ ಬಿಟ್ಟಳು. ಇಂದುಮತಿಗೆ ಅದು ಕಾಣದೆ ಇರಲಿಲ್ಲ. ಆದರೆ ನಿಯಮ ತೆಗೆದರೆ ಹುಡುಗಿ ಮತ್ತೆ ಪೆಟ್ಟಿಗೆಯ ಕೂಡ ಮಾತಾಡುತ್ತಾಳೆ, ನನ್ನ ಕೂಡ ಅಲ್ಲ. ಆ ಯೋಚನೆ ಬಂದ ಕೂಡಲೇ ಆಕೆಯ ಹೊಟ್ಟೆಯೊಳಗಿನ ಖಾರ ಮತ್ತೆ ಉರಿಯುತ್ತಿತ್ತು. ಇನ್ನೊಂದು ವಾರ ನೋಡೋಣ ಎನ್ನುತ್ತಿದ್ದಳು. ಹೀಗೆ ಆರು ವಾರ ನೋಡಿದಳು.

ಸೆಪ್ಟೆಂಬರಿನಲ್ಲಿ ಮೆಣಸಿನಕಾಯಿಯವರು ಬಂದರು. ಈ ಸಲ ಅವರ ಮಾತು ಕಡಿಮೆಯಾಗಿತ್ತು, ಗಡ್ಡ ಬೆಳೆದಿತ್ತು. ತರಗತಿಯ ಹಿಂದೆ ಒಂದು ತಾಸು ಸುಮ್ಮನೆ ಕೂತು ಮಲಪ್ರಭಾಳ ಕೊರಳನ್ನೇ ನೋಡಿದರು. ದೀಪ ಒಮ್ಮೆಯೂ ಹತ್ತಲಿಲ್ಲ. ಮಕ್ಕಳು ಊಟಕ್ಕೆ ಹೊರಗೆ ಹೋದಮೇಲೆ ಪಟ್ಟಿಯನ್ನು ತಮ್ಮ ಕೊರಳಿಗೇ ಕಟ್ಟಿಕೊಂಡು ಪರೀಕ್ಷಿಸಿದರು. ದೀಪ ಸರಿಯಾಗಿಯೇ ಹತ್ತಿತು.

"ಪಟ್ಟಿ ಛಲೋ ಐತ್ರೀ" ಎಂದರು. "ಹುಡುಗಿ ಒಳಗೂ ಮಾತು ನಿಲ್ಲಿಸ್ಯಾಳ."

"ಹಂಗಂದ್ರ?"

"ಬಾಯಿ ಮುಚ್ಚಿದ ಕೂಸಿನ ಕೊರಳಾಗ ಮಾತು ಇರತಾವ್ರೀ ಅಕ್ಕೋರ. ಅದನ್ನ ನಂಬಿನ ನಾ ಈ ಯಂತ್ರ ಮಾಡಿದ್ದು. ಕೇಳೋರಿಲ್ಲ ಅಂತ ಗೊತ್ತಾದ್ರ ಅವು ಕೊರಳ ತನಕ ಬರೋದನ್ನೂ ಬಿಡತಾವ. ಹನ್ನೆರಡು ಸಾಲಿ ತಿರಗಿ ಬಂದೀನಿ, ಎಲ್ಲಾ ಕಡೆ ಇದ ಕತಿ. ನನ್ನ ಯಂತ್ರದಾಗ ಏನೋ ದೋಷ ಐತಿ. ಎಲ್ಲಾ ಪೆಟಗಿ ವಾಪಸ್ ತಗೋತೀನಿ ಅಂತ ನದಾಫ ಸಾಹೇಬ್ರಿಗೆ ಹೇಳಬೇಕಂತ ಮಾಡೀನಿ."

ಇಂದುಮತಿ ಮೇಜಿನ ಮೇಲಿನ ಸೀಮೆಸುಣ್ಣದ ಪುಡಿಯನ್ನು ಬೆರಳಿನಿಂದ ಒರೆಸತೊಡಗಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಯಾರೂ ಕೇಳದೆಯೇ ಹೇಳಿದಳು: "ಎಲ್ಲಾ ಸಾಲಿಯೊಳಗೂ ಎರಡನೇ ಗುರಿ ಒಂದ ಐತ್ರಿ."

"ಹೌದು, ನೋಡೀನಿ. ಛಂದ ಬರದಾರ. ಅದರಾಗ ತಪ್ಪೇನೈತಿ?"

"ಅದನ್ನ ಬರದಾಕಿ ನಾನ್ರೀ, ಸರ್."

ಹದಿನಾಲ್ಕು ವರ್ಷ ದುಡಿದ ಮನುಷ್ಯ ಆಕೆಯ ಮುಖವನ್ನೇ ನೋಡಿದರು. ಬಹುಶಃ ಅವರಿಗೆ ಅರ್ಥವಾಯಿತು. ಎದ್ದು ಹೋಗಿ ಹೊರಗೆ ಕಟ್ಟೆಯ ಮೇಲೆ ಕೂತರು.

ಇಂದುಮತಿ ಪೆಟ್ಟಿಗೆಗೆ ಎರಡನೆಯ ಗುರಿಯನ್ನು ಅಳಿಸಲು ಹೇಳಿದಳು. ಅದು ಸಹಿ ಕೇಳಿತು, ಮಾಡಿದಳು. ಅಳಿಸಿತು. ಅಷ್ಟರಿಂದ ಆಯಿತೇ? ಊಟ ಮುಗಿಸಿ ಬಂದ ಮಲಪ್ರಭಾಳಿಗೆ ಪಟ್ಟಿ ಕೊಟ್ಟರೆ ಅವಳು ಅದನ್ನು ತೆಗೆದುಕೊಂಡು ಹೋಗಿ ಗೂಟಕ್ಕೆ ಹಾಕಿದಳು. ಇಂದುಮತಿ ಇನ್ನೊಮ್ಮೆ ಕೊಟ್ಟಳು. ಹುಡುಗಿ ಇನ್ನೊಮ್ಮೆ ಗೂಟಕ್ಕೆ ಹಾಕಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಪಾಠ ಕಲಿತ ವಿದ್ಯಾರ್ಥಿನಿಯಂತಿದ್ದಳು.

ಇಂದುಮತಿ ಉಳಿದ ಮಕ್ಕಳನ್ನು ಆಟಕ್ಕೆ ಬಿಟ್ಟು ಹುಡುಗಿಯ ಎದುರು ಚಾಪೆಯ ಮೇಲೆ ಕೂತಳು. ಹೇಳಬೇಕಾದ್ದು ಏನೆಂದು ಗೊತ್ತಿತ್ತು. ಬಾಯಿ ತೆರೆದಳು. ಮಾತು ಕೊರಳ ತನಕ ಬಂತು, ಅಲ್ಲೇ ನಿಂತಿತು. ಮತ್ತೆ ಪ್ರಯತ್ನಿಸಿದಳು. ಹತ್ತೊಂಬತ್ತು ವರ್ಷ ದಿನಕ್ಕೆ ಐದು ತಾಸು ಮಾತಾಡಿದ ಬಾಯಿ, ಏಳು ವರ್ಷದ ಮಗುವಿನ ಎದುರು ತುಟಿ ಕೂಡ ಅಲುಗಿಸಲಾರದೆ ಹೋಯಿತು. ಹುಡುಗಿ ಎರಡು ವರ್ಷ ಅನುಭವಿಸಿದ್ದು ಇದನ್ನೇ ಇರಬೇಕು ಎಂದು ಆಕೆಗೆ ಆಗ ಅನ್ನಿಸಿತು. ಎದ್ದು ಗೂಟದಿಂದ ಪಟ್ಟಿ ತೆಗೆದು ತನ್ನ ಕೊರಳಿಗೆ ಕಟ್ಟಿಕೊಂಡಳು.

ಹಸಿರು ದೀಪ ಹತ್ತಿತು. ಪೆಟ್ಟಿಗೆ ಇಂದುಮತಿಯ ದನಿಯಲ್ಲಿ ಹೇಳಿತು:

"ನೀ ಆ ಡಬ್ಬಿ ಕೂಡ ಮಾತಾಡಿದಿ. ನನ್ನ ಕೂಡ ಆಡಲಿಲ್ಲ. ನನಗ ಹೊಟ್ಟಿ ಉರೀತು. ಅದಕ್ಕ ನಿನ್ನ ದನಿ ಬಂದ್ ಮಾಡಿದೆ. ತಪ್ಪು ನಂದು, ನಿಂದಲ್ಲವ್ವಾ."

ತನ್ನದೇ ದನಿ ಹೊರಗಿನಿಂದ ಕೇಳಿ ಇಂದುಮತಿಗೆ ಅಳು ಬಂತು. ಮಲಪ್ರಭಾ ಕೈಚಾಚಿ ಅಕ್ಕೋರ ಕೊರಳಿನ ಪಟ್ಟಿಯನ್ನು ತಾನೇ ಬಿಚ್ಚಿ ತನಗೆ ಕಟ್ಟಿಕೊಂಡಳು. ದೀಪ ಕೂಡಲೇ ಹತ್ತಲಿಲ್ಲ. ಹತ್ತಿದಾಗ, ಆ ಗೊಗ್ಗರು ದನಿ ಗದರುವಂತೆ ಹೇಳಿತು:

"ಅಕ್ಕೋರ, ನಾ ಆ ಡಬ್ಬಿಗೆ ಕೇಳಿದ್ದಿಲ್ರಿ. ನೀರು ಕುಡೀಲೇನ್ರಿ ಅಂತ ನಿಮಗ ಕೇಳಿದ್ದೆ. ನೀವು ಸುಮ್ಮ ನಿಂತ್ರಿ. ಅದು ನಡುವ ಬಾಯಿ ಹಾಕ್ತು."

ಇಂದುಮತಿ ಅಳುತ್ತಲೇ ನಕ್ಕಳು. ಆ ಸೋಮವಾರ ಆಕೆ ನಿಂತಿದ್ದು ಮೇಜಿನ ಹಿಂದೆಯೇ, ಪೆಟ್ಟಿಗೆಯ ಪಕ್ಕದಲ್ಲೇ. ಹುಡುಗಿ ನೋಡಿದ್ದು ಆಕೆಯನ್ನೇ. ಎಲ್ಲರೂ ಪೆಟ್ಟಿಗೆಯನ್ನು ನೋಡುತ್ತಿದ್ದರು, ಇಂದುಮತಿಯೂ ಅದನ್ನೇ ನೋಡುತ್ತಿದ್ದಳು.

"ಈಗ ನೀರು ಬೇಕೇನು?"

"ಬ್ಯಾಡ್ರಿ. ಈಗ ಕುಡದು ಬಂದೀನಿ" ಎಂದಿತು ಹುಡುಗಿಯ ದನಿ.

ಮಲಪ್ರಭಾ ಮುಂದೆ ಬಾಯಿಬಿಟ್ಟು ಮಾತಾಡಿದಳೇ ಎಂದು ಕೇಳಬೇಡಿ. ಆ ವರ್ಷ ಆಡಲಿಲ್ಲ. ಪಟ್ಟಿ ಕಟ್ಟಿಕೊಂಡು ಆಡಿದಳು, ಕೆಲವು ದಿನ ಅದೂ ಇಲ್ಲ. ಇಂದುಮತಿ ಎಣಿಸುವುದನ್ನು ಬಿಟ್ಟಳು.

ಉಳಿದ ಮೂವತ್ತೊಂಬತ್ತು ಶಾಲೆಗಳ ವಿಷಯ ಇತ್ತಲ್ಲ. ಸಹಿ ಮಾಡಿದವರೇ ಅಳಿಸಬೇಕೆಂಬ ನಿಯಮವಿದ್ದುದರಿಂದ ನದಾಫ ಸಾಹೇಬರ ಒಂದು ಆದೇಶದಿಂದ ಕೆಲಸ ಆಗುವಂತಿರಲಿಲ್ಲ. ಇಂದುಮತಿ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಬಸ್ಸು ಹತ್ತಿ, ಒಂದೊಂದೇ ಊರಿಗೆ ಹೋದಳು. ಗುರಿ ಚೆನ್ನಾಗಿದೆಯಲ್ಲ, ಯಾಕೆ ತೆಗೆಯಬೇಕು ಎಂದು ಎಲ್ಲರೂ ಕೇಳುವವರೇ. ಆಕೆ ಸುತ್ತಿಬಳಸದೆ ಹೇಳುತ್ತಿದ್ದಳು: "ಹೊಟ್ಟೆಕಿಚ್ಚಿಗೆ ಬರದದ್ರೀ ಅದು."

ನಾಲ್ಕನೆಯ ಊರಿನಲ್ಲಿ ಚನ್ನಬಸಯ್ಯ ಎಂಬ, ನಿವೃತ್ತಿಗೆ ಒಂದು ವರ್ಷ ಉಳಿದಿದ್ದ ಮಾಸ್ತರರು ಇದನ್ನು ಕೇಳಿ ತಲೆ ತಗ್ಗಿಸಿದರು.

"ನಕಲು ಮಾಡ್ಯಾರ ಅಂತ ನಮ್ಮನ್ನ ನಗಬ್ಯಾಡ್ರಿ ಅಕ್ಕೋರ. ಒಂದನೇದು, ಮೂರನೇದು ಖರೇನ ನಕಲು. ಎರಡನೇದನ್ನ ಓದಿದಾಗ, ಅಯ್ಯ, ಇದನ್ನ ನಾನ ಬರೀಬೇಕಾಗಿತ್ತಲ್ಲಾ ಅನಿಸಿತು. ನಮ್ಮ ಹುಡುಗರೂ ಪೆಟಗಿ ಮುಂದ ನಗತಿದ್ರು, ನನ್ನ ಮುಂದ ನಗತಿದ್ದಿಲ್ಲ."

ಆ ಶೈಕ್ಷಣಿಕ ವರ್ಷ ಮುಗಿಯುವ ಹೊತ್ತಿಗೆ ಇಪ್ಪತ್ತಾರು ಶಾಲೆಗಳವರು ಎರಡನೆಯ ಗುರಿಯನ್ನು ಅಳಿಸಿದರು. ಹದಿಮೂರು ಶಾಲೆಗಳವರು ಅಳಿಸಲಿಲ್ಲ. ಅಷ್ಟು ಒಳ್ಳೆಯ ವಾಕ್ಯವನ್ನು ಅಳಿಸುವುದಕ್ಕೆ ಅವರಿಗೆ ಕಾರಣ ಕಾಣಲಿಲ್ಲ.

ಒಳದನಿ ಇನ್ನೂ ಹುಟ್ಟಿಲ್ಲ, ಮಲಪ್ರಭಾಳೂ ಹುಟ್ಟಿಲ್ಲ. ಆದರೆ ಗುರಿಗಳನ್ನು ನಾವು ಈಗಲೂ ಬರೆಯುತ್ತಿದ್ದೇವೆ. ಈ ಜೂನಿನಲ್ಲೂ ಯಾವುದೋ ಶಾಲೆಯ ಮೇಜಿನ ಮೇಲೆ ಒಂದು ಖಾಲಿ ಗೆರೆ ಕಾದಿರುತ್ತದೆ. ಮಗಳ ಕೈಯಿಂದ ಫೋನು ಕಸಿದುಕೊಂಡು "ಏನಿದ್ದರೂ ಮೊದಲು ನನಗೆ ಹೇಳು" ಎನ್ನುವ ತಾಯಿ ಯಾವುದೋ ಮನೆಯಲ್ಲಿ ಇದ್ದೇ ಇರುತ್ತಾಳೆ. ಕಾರಣಗಳೆಲ್ಲ ಒಳ್ಳೆಯವೇ. ಆದರೆ ಇದು ಮಗುವಿನ ಒಳ್ಳೆಯದಕ್ಕೋ, ನಮ್ಮ ಹೊಟ್ಟೆಯ ಉರಿಗೋ ಎಂದು ಬರೆಯುವ ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳಬಹುದು. ಅದಕ್ಕೆ ಅರವತ್ಮೂರನೆಯ ಇಸವಿಯ ತನಕ ಕಾಯಬೇಕಾಗಿಲ್ಲ.